ಒಂದೇ ಮರದ ಏಳು ಹಲಗೆಗಳು: ಉಡುಗೊರೆ ಕೊಟ್ಟ ಬಡಿಸುವ ಹಲಗೆಗಳ ದೋಷ ಪತ್ತೆ ಮತ್ತು ನಿವಾರಣೆ

ಸಾಗರ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲಲ್ಲಿ ಮಳೆಗಾಲದ ಗಾಳಿಗೆ ಉರುಳಿದ ಹಲಸಿನ ಮರವೊಂದನ್ನು ಸಾಮಿಲ್ಲಿಗೆ ಸಾಗಿಸಿ, ಒಂದೂಕಾಲು ಅಂಗುಲ ದಪ್ಪಕ್ಕೆ ಕೊಯ್ಯಿಸಿ, ನಡುನಡುವೆ ರಿಪೀಸು (ತೆಳ್ಳನೆಯ ಮರದ ಪಟ್ಟಿ) ಕೊಟ್ಟು ಅಟ್ಟದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಪೇರಿಸಿಟ್ಟಿದ್ದೆ. ಮರುವರ್ಷದ ಶ್ರಾವಣದಲ್ಲಿ ಅದನ್ನು ಇಳಿಸಿ, 40 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಏಳು ಬಡಿಸುವ ಹಲಗೆಗಳನ್ನು ಮಾಡಿ, ದೀಪಾವಳಿಯ ಹೊತ್ತಿಗೆ ಒಡಹುಟ್ಟಿದವರಿಗೂ ಹತ್ತಿರದ ನೆಂಟರಿಗೂ ಹಂಚಿದೆ. ಮೂರು ಅಖಂಡ ಹಲಗೆಗಳು. ಉಳಿದ ನಾಲ್ಕು, ಪಟ್ಟಿಗಳನ್ನು ಅಂಟಿಸಿ ಜೋಡಿಸಿದವು. ವರ್ಷ ತುಂಬುವುದರೊಳಗೆ ಏಳರಲ್ಲಿ ಆರರ ಬಗ್ಗೆ ಒಂದಲ್ಲ ಒಂದು ದೂರು ಬಂದಿತು. ಏಳನೆಯದು ನಮ್ಮ ಮನೆಯಲ್ಲೇ ಇದ್ದುದರಿಂದ ಅದರ ದೂರನ್ನು ನಾನೇ ಕೊಟ್ಟುಕೊಳ್ಳಬೇಕಾಯಿತು.

ಮರ ಒಂದೇ, ಕೈ ಒಂದೇ, ಉಪಕರಣಗಳೂ ಅವೇ. ಬೇರೆಯಾಗಿದ್ದದ್ದು ಹಲಗೆಗಳು ಹೋಗಿ ಸೇರಿದ ಮನೆಗಳು ಮಾತ್ರ. ಹೀಗಾಗಿ ಒಂದೊಂದು ದೋಷದ ಮೂಲವನ್ನೂ ಬಿಡಿಸಿ ನೋಡುವ ಅವಕಾಶ ತಾನಾಗಿ ಒದಗಿತು. ನಾನು ಕಂಡುಕೊಂಡದ್ದು ಇಷ್ಟು: ಅರ್ಧಕ್ಕಿಂತ ಹೆಚ್ಚು ದೂರುಗಳ ಬೇರು ಕೆಲಸದ ನಯನಾಜೂಕಿನಲ್ಲಿರಲಿಲ್ಲ, ಮರವನ್ನು ಅಟ್ಟದಿಂದ ಇಳಿಸಿದ ತಿಂಗಳಿನಲ್ಲಿತ್ತು.

ಕೀಸುಳಿ ಹಿಡಿಯುವ ಮುನ್ನ

ಹಲಗೆ ಕೆಟ್ಟಿದೆ ಎಂಬ ಫೋನು ಬಂದ ಕೂಡಲೇ ಅದನ್ನು ತರಿಸಿಕೊಂಡು ಹೆರೆಯಲು ಕೂರುವುದು ದೊಡ್ಡ ತಪ್ಪು. ಮೊದಲು ಮೂರು ಸಂಗತಿಗಳನ್ನು ಕೇಳಿ ಬರೆದುಕೊಳ್ಳಬೇಕು: ದೋಷ ಕಂಡದ್ದು ಯಾವ ತಿಂಗಳಲ್ಲಿ, ಹಲಗೆಯನ್ನು ಬಳಸದಿರುವಾಗ ಮಲಗಿಸಿಡುತ್ತಾರೋ ನಿಲ್ಲಿಸಿಡುತ್ತಾರೋ, ತೊಳೆಯುವುದು ಹೇಗೆ. ಮೂರನೆಯ ಪ್ರಶ್ನೆಗೆ ಸಿಗುವ ಮೊದಲ ಉತ್ತರವನ್ನು ಪೂರ್ತಿ ನಂಬಬಾರದು. ಉಡುಗೊರೆ ಕೊಟ್ಟವರ ಮುಂದೆ ಯಾರೂ "ರಾತ್ರಿಯಿಡೀ ಸಿಂಕಿನಲ್ಲಿ ಬಿದ್ದಿತ್ತು" ಎಂದು ಒಪ್ಪಿಕೊಳ್ಳುವುದಿಲ್ಲ.

ಹಲಗೆ ಕೈಗೆ ಬಂದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಸೀಸದಕಡ್ಡಿಯಲ್ಲಿ ಅದರ ಹಿಂಬದಿಗೇ ಬರೆದು, ಗಾಳಿಯಾಡುವ ನೆರಳಿನಲ್ಲಿ ಅಂಚಿನ ಮೇಲೆ ನಿಲ್ಲಿಸಿಡಬೇಕು. ವಾರಕ್ಕೊಮ್ಮೆ ತೂಗುತ್ತ ಹೋದಾಗ ತೂಕ ಇನ್ನೂ ಇಳಿಯುತ್ತಿದ್ದರೆ ಮರ ಇನ್ನೂ ಒಣಗುತ್ತಿದೆ ಎಂದೇ ಅರ್ಥ; ಆ ಸ್ಥಿತಿಯಲ್ಲಿ ಮಾಡಿದ ಯಾವ ದುರಸ್ತಿಯೂ ನಿಲ್ಲುವುದಿಲ್ಲ.

ಹಲಗೆ ಕುಣಿಯುತ್ತದೆ

"ಅಣ್ಣಾ, ಹಲಗೆ ಕುಣೀತದ, ಲೋಟ ಇಟ್ರ ಅಲುಗ್ತದ" ಎಂದು ಬಳ್ಳಾರಿಯಿಂದ ತಂಗಿ ಹೇಳಿದ್ದು ಮಾರ್ಚ್ ತಿಂಗಳಲ್ಲಿ. ಮಂಗಳೂರಿನ ಚಿಕ್ಕಮ್ಮ ಹೆಚ್ಚುಕಡಿಮೆ ಅದೇ ಮಾತನ್ನು ಜುಲೈಯಲ್ಲಿ ಹೇಳಿದರು. ಬೆಂಗಳೂರಿನ ತಮ್ಮನ ಹಲಗೆಯೂ ಕುಣಿಯುತ್ತಿತ್ತು, ಆದರೆ ಅವನು ಅದನ್ನು ಹೇಳದೆ ಅಡಿಗೆ ಮಡಚಿದ ಕಾಗದ ಇಟ್ಟುಕೊಂಡಿದ್ದನ್ನು ನಾನೇ ಹೋದಾಗ ಕಂಡೆ. ಮೂರೂ ಕಡೆ ಲಕ್ಷಣ ಒಂದೇ. ಕಾರಣ ಮಾತ್ರ ಮೂರು.

ಮೊದಲು ಹಲಗೆಯನ್ನು ಸಮತಟ್ಟಾದ ಗಾಜಿನ ಮೇಲೆ ಇಟ್ಟು ನೋಡಬೇಕು, ಏಕೆಂದರೆ ಅಡುಗೆಮನೆಯ ಕಲ್ಲಿನ ಕಟ್ಟೆಯೇ ಎಷ್ಟೋ ಕಡೆ ಸಮವಾಗಿರುವುದಿಲ್ಲ. ಒಂದು ಮಗ್ಗುಲಲ್ಲಿ ಇಟ್ಟಾಗ ಕುಣಿದು, ಮಗುಚಿ ಇಟ್ಟಾಗ ಎರಡು ಅಂಚುಗಳ ಮೇಲೆ ಗಟ್ಟಿಯಾಗಿ ಕೂತರೆ, ಹಲಗೆ ಅಡ್ಡಗಲಕ್ಕೆ ದೋಣಿಯಂತೆ ಬಾಗಿದೆ ಎಂದರ್ಥ. ಎರಡೂ ಮಗ್ಗುಲಲ್ಲಿ ಕುಣಿದು, ಎದುರುಬದುರು ಮೂಲೆಗಳೆರಡು ಮೇಲೆದ್ದಿದ್ದರೆ ಅದು ತಿರುಚಿಕೊಂಡಿದೆ. ಬಾಗು ಮತ್ತು ತಿರುಚು ಬೇರೆಬೇರೆ ರೋಗಗಳು.

ಬಾಗಿದ ಹಲಗೆಯ ಕೊನೆಯಂಚನ್ನು ಬೆಳಕಿಗೆ ಹಿಡಿದರೆ ಬೆಳವಣಿಗೆಯ ಉಂಗುರಗಳು ಬಿಲ್ಲಿನಂತೆ ಕಾಣುತ್ತವೆ. ಮರವು ಉಂಗುರದ ಗುಂಟ ಕುಗ್ಗುವ ಪ್ರಮಾಣ ತಿರುಳಿನಿಂದ ತೊಗಟೆಯತ್ತ ಕುಗ್ಗುವ ಪ್ರಮಾಣದ ಸುಮಾರು ಎರಡರಷ್ಟಿರುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಆದ್ದರಿಂದ ಹಲಗೆ ಒಣಗುವಾಗ ಆ ಬಿಲ್ಲುಗಳು ನೆಟ್ಟಗಾಗಲು ಹವಣಿಸುತ್ತವೆ, ತೊಗಟೆಯ ಕಡೆಯ ಮುಖ ತಗ್ಗಾಗುತ್ತದೆ. ತಗ್ಗು ತೊಗಟೆಯ ಕಡೆಗಿದ್ದರೆ, ಹಲಗೆ ಮಾಡಿದ ಮೇಲೆ ಮರ ಒಣಗಿದೆ; ತಗ್ಗು ತಿರುಳಿನ ಕಡೆಗಿದ್ದರೆ, ಮರ ತೇವ ಹೀರಿದೆ. ಬಳ್ಳಾರಿಯ ಹಲಗೆಯಲ್ಲಿ ತೊಗಟೆಯ ಕಡೆ 3 ಮಿ.ಮೀ. ತಗ್ಗಿತ್ತು. ಮಂಗಳೂರಿನದರಲ್ಲಿ ತಿರುಳಿನ ಕಡೆ ತಗ್ಗು, ಅಡಿಯಲ್ಲಿ ಉಬ್ಬು. ಒದ್ದೆ ಕಟ್ಟೆಯ ಮೇಲೆ ಸದಾ ಮಲಗಿಸಿಟ್ಟ ಹಲಗೆಯ ಅಡಿಮುಖ ನೀರು ಕುಡಿದು ಹಿಗ್ಗಿತ್ತು, ಮೇಲುಮುಖ ಹಾಗೆಯೇ ಉಳಿದಿತ್ತು.

ಮಂಗಳೂರಿನ ಹಲಗೆಗೆ ಮಾಡಿದ ಚಿಕಿತ್ಸೆ ಇಷ್ಟೇ: ತೊಳೆದ ಮೇಲೆ ಎರಡೂ ಮುಖ ಒರೆಸಿ, ಅಂಚಿನ ಮೇಲೆ ನಿಲ್ಲಿಸಿಡಲು ಹೇಳಿದೆ. ಮೂರು ವಾರಕ್ಕೆ ಅದು ತಾನಾಗಿ ನೆಟ್ಟಗಾಯಿತು. ಅದನ್ನು ಆ ಜುಲೈಯಲ್ಲೇ ಹೆರೆದು ಸಮ ಮಾಡಿದ್ದರೆ ಬೇಸಗೆಯಲ್ಲಿ ಮತ್ತೊಂದು ಕಡೆಗೆ ಬಾಗುತ್ತಿತ್ತು.

ಬಳ್ಳಾರಿಯದು ಹಾಗೆ ಮರಳಿ ಬರುವಂಥದ್ದಲ್ಲ. ಎರಡೂ ಮುಖಗಳಿಂದ 3 ಮಿ.ಮೀ. ಹೆರೆದರೆ 20 ಮಿ.ಮೀ. ಹಲಗೆ 14ಕ್ಕೆ ಇಳಿದು ತಟ್ಟೆಯಷ್ಟೇ ತೆಳ್ಳಗಾಗುತ್ತದೆ. ಅದಕ್ಕಿಂತ ಉದ್ದುದ್ದ ಮೂರು ಪಟ್ಟಿ ಸೀಳಿ, ಅಂಚು ನೇರ ಮಾಡಿ, ಮತ್ತೆ ಅಂಟಿಸುವುದು ಲೇಸು. ಬಾಗಿನ ಆಳವು ಅಗಲದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅಗಲ ಮೂರನೆಯ ಒಂದು ಭಾಗವಾದಾಗ ಆಳ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ, 3 ಮಿ.ಮೀ. ಇದ್ದದ್ದು ಪಟ್ಟಿಗೆ ಕಾಲು ಮಿ.ಮೀ.ಗಿಂತ ತುಸು ಹೆಚ್ಚು ಉಳಿಯುತ್ತದೆ, ಅದನ್ನು ಕೀಸುಳಿಯ ನಾಲ್ಕು ಎಳೆತದಲ್ಲಿ ತೆಗೆಯಬಹುದು. ಗರಗಸದ ಬಾಯಿಗೆ ಹೋಗುವ ಮರದಿಂದಾಗಿ ಹಲಗೆಯ ಅಗಲ ಒಂದು ಸೆಂ.ಮೀ.ನಷ್ಟು ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ತಮ್ಮನ ಹಲಗೆ ತಿರುಚಿಕೊಂಡಿತ್ತು. ಹಲಸಿನ ನಾರು ಒಂದು ಪದರದಲ್ಲಿ ಎಡಕ್ಕೂ ಮುಂದಿನ ಪದರದಲ್ಲಿ ಬಲಕ್ಕೂ ವಾಲುವುದುಂಟು. ಅಂಥ ಪಟ್ಟಿ ಜೋಡಣೆಯಲ್ಲಿ ಒಂದು ಸೇರಿದರೂ ಇಡೀ ಹಲಗೆಯನ್ನು ಹಿಂಡುತ್ತದೆ. ಅಳೆಯಲು ನೇರವಾದ ಎರಡು ರಿಪೀಸುಗಳನ್ನು ಹಲಗೆಯ ಎರಡು ತುದಿಗಳಲ್ಲಿ ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ಒಂದರ ಮೇಲಂಚಿನಿಂದ ಇನ್ನೊಂದನ್ನು ನೋಡಿದರೆ ಸಾಕು. ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ, ಕೆಳಮುಖದಲ್ಲಿ ನೆಲಕ್ಕೆ ತಾಗುವ ಎರಡು ಮೂಲೆಗಳನ್ನಷ್ಟೇ ಹೆರೆದು ಬಿಡಬಹುದು, ಮೇಲಿನಿಂದ ಯಾರಿಗೂ ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಜೋಡಣೆ ಬಿಚ್ಚಿ ಆ ಪಟ್ಟಿಯನ್ನು ಬದಲಿಸಬೇಕು.

ತುದಿಯಿಂದ ಸೀಳಿದೆ

ಅಕ್ಕನ ಮಗಳು ಟೊರೊಂಟೊದಲ್ಲಿದ್ದಾಳೆ. ನವೆಂಬರಿನಲ್ಲಿ ಮುಟ್ಟಿದ ಹಲಗೆ ಜನವರಿಯಲ್ಲಿ ಒಂದು ತುದಿಯಿಂದ 7 ಸೆಂ.ಮೀ.ವರೆಗೆ ಸೀಳಿತು, ಸೀಳುವಾಗ ಬಂದ ಸದ್ದಿಗೆ ಅವಳು ಗಾಜು ಒಡೆಯಿತೆಂದು ಎದ್ದು ಬಂದಳಂತೆ.

ಇದರ ಕಾರಣವನ್ನು ಸ್ವಲ್ಪ ಲೆಕ್ಕ ಹಾಕಿಯೇ ಹೇಳಬೇಕು. ಮರವು ತಾನಿರುವ ಗಾಳಿಯ ತೇವಕ್ಕೆ ಹೊಂದಿಕೊಂಡು ತನ್ನೊಳಗಿನ ನೀರನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತಲೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65ರಷ್ಟಿರುವಲ್ಲಿ ಮರದೊಳಗಿನ ತೇವ ಶೇ. 12ರ ಸುಮಾರಿಗೆ, ಶೇ. 80ರಷ್ಟಿರುವಲ್ಲಿ ಶೇ. 16ರ ಸುಮಾರಿಗೆ, ಶೇ. 30ರಷ್ಟಿರುವಲ್ಲಿ ಶೇ. 6ರ ಸುಮಾರಿಗೆ ನಿಲ್ಲುತ್ತದೆ. ಮಲೆನಾಡಿನ ಅಟ್ಟದಲ್ಲಿ ಶ್ರಾವಣಮಾಸದ ಗಾಳಿ ಎಂಥದ್ದೆಂದು ಹೇಳಬೇಕಾಗಿಲ್ಲ, ಉಪ್ಪಿನ ಭರಣಿಯೇ ನೀರೊಡೆದಿರುತ್ತದೆ. ಟೊರೊಂಟೊದ ಮನೆಯೊಳಗೆ ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಗಾಳಿ ಒಣಗಿ ಶೇ. 30 ಅಥವಾ ಅದಕ್ಕೂ ಕೆಳಗೆ ಬರುತ್ತದೆ. ಗಟ್ಟಿಮರಗಳಲ್ಲಿ ತೇವ ಶೇ. 4ರಷ್ಟು ಇಳಿದಾಗ ಹಲಗೆಯ ಅಗಲ ಸುಮಾರು ಶೇ. 1ರಷ್ಟು ಕುಗ್ಗುತ್ತದೆಂಬುದು ಕೆಲಸಕ್ಕೆ ಸಾಕಾಗುವ ಅಂದಾಜು. ಶೇ. 17ರಿಂದ 6ಕ್ಕೆ ಇಳಿದ 24 ಸೆಂ.ಮೀ. ಹಲಗೆ 6 ಮಿ.ಮೀ.ಗಿಂತ ಹೆಚ್ಚು ಕುಗ್ಗಬೇಕಾಗುತ್ತದೆ. ತುದಿಗಳು ಮುಖಕ್ಕಿಂತ ಹಲವು ಪಟ್ಟು ಬೇಗ ಒಣಗುವುದರಿಂದ, ನಡುಭಾಗ ಇನ್ನೂ ಅಗಲವಾಗಿರುವಾಗಲೇ ತುದಿ ಕುಗ್ಗಲು ಹೊರಟು ಸೀಳುತ್ತದೆ.

"ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಿಸು" ಎಂಬ ಬಡಗಿಗಳ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದೆ. ಆ ಮಾತು ಸುಳ್ಳಲ್ಲ, ಆದರೆ ಅದು ಎಷ್ಟು ಕಾಲ ಎಂಬುದನ್ನು ಹೇಳುತ್ತದೆಯೇ ಹೊರತು ಯಾವ ಕಾಲದಲ್ಲಿ ಇಳಿಸಬೇಕೆಂಬುದನ್ನಲ್ಲ. ವರ್ಷಗಟ್ಟಲೆ ಒಣಗಿದ ಮರವೂ ಮಳೆಗಾಲದಲ್ಲಿ ಮತ್ತೆ ನೀರು ತುಂಬಿಕೊಳ್ಳುತ್ತದೆ.

ಖಚಿತಪಡಿಸಿಕೊಳ್ಳುವ ವಿಧಾನ ಸುಲಭವಾಗಿದೆ. ಅದೇ ಮರದ ತುಂಡೊಂದನ್ನು ತುದಿಯಿಂದಲ್ಲದೆ ನಡುಭಾಗದಿಂದ ಕೊಯ್ದು, ತೂಗಿ, ಒಲೆಯಲ್ಲಿ (ಮನೆಯ ಓ.ಟಿ.ಜಿ. ಸಾಕು) 103 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿಟ್ಟು, ಗಂಟೆಗೊಮ್ಮೆ ತೂಗುತ್ತ, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಬೇಕು. ಕಳೆದುಹೋದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವದ ಪ್ರಮಾಣ ಸಿಗುತ್ತದೆ. ಅಟ್ಟದಲ್ಲಿ ಉಳಿದಿದ್ದ ತುಂಡನ್ನು ನಾನು ಹೀಗೆ ಪರೀಕ್ಷಿಸಿದಾಗ 117 ಗ್ರಾಂ ಇದ್ದದ್ದು 100ಕ್ಕೆ ಬಂದು ನಿಂತಿತು, ಅಂದರೆ ಶೇ. 17. ಈ ಕೆಲಸವನ್ನು ಹಲಗೆ ಮಾಡುವ ಮುನ್ನ ಮಾಡಬೇಕಿತ್ತು. ನಾನು ಮಾಡಿದ್ದು ಒಂದು ವರ್ಷ ತಡವಾಗಿ.

ಸೀಳಿಗೆ ಚಳಿಗಾಲದಲ್ಲಿ ಪುಟ್ಟಿ ಅಥವಾ ಅಂಟು ಕಲಸಿದ ಮರದ ಹುಡಿ ತುಂಬುವುದು ಕೂಡದು. ಬೇಸಗೆಯಲ್ಲಿ ಮರ ಹಿಗ್ಗಿದಾಗ ಆ ತುಂಬಿದ ವಸ್ತುವೇ ಆಪಿನಂತೆ ಕೆಲಸ ಮಾಡಿ ಸೀಳನ್ನು ಮುಂದಕ್ಕೆ ನೂಕುತ್ತದೆ. ಸೀಳು ಮುಂದುವರಿಯುತ್ತಿಲ್ಲ ಎಂಬುದನ್ನು ಅದರ ಕೊನೆಯಲ್ಲಿ ಸೀಸದಕಡ್ಡಿಯ ಗೆರೆ ಹಾಕಿ ಎರಡು ತಿಂಗಳು ಗಮನಿಸಿ, ಆಮೇಲೆ ಸೀಳಿದ ಭಾಗವನ್ನೇ ಕೊಯ್ದು ಹಲಗೆಯನ್ನು ಗಿಡ್ಡ ಮಾಡಬೇಕು, ಇಲ್ಲವೇ ಡಮರುವಿನ ಆಕಾರದ ಕೀಲೊಂದನ್ನು ಸೀಳಿಗೆ ಅಡ್ಡಲಾಗಿ ಕೂರಿಸಬೇಕು. ಕೀಲಿನ ನಾರು ಸೀಳನ್ನು ದಾಟಿ ಹೋಗುವಂತಿರಬೇಕು, ಅದರ ಗುಂಟ ಹೋದರೆ ಕೀಲೇ ಎರಡಾಗುತ್ತದೆ. ಅಕ್ಕನ ಮಗಳು ಹಲಗೆಯನ್ನು ಗಿಡ್ಡ ಮಾಡಿಸಿಕೊಂಡಳು.

ಹಲಗೆಯ ಎರಡು ತುದಿಗಳಿಗೆ ಅಡ್ಡಪಟ್ಟಿ ಅಂಟಿಸಿ ಬಿಗಿ ಮಾಡಿದರೆ ಸೀಳುವುದಿಲ್ಲವೆಂದು ಕೆಲವರು ಭಾವಿಸುತ್ತಾರೆ. ಆಗುವುದು ತದ್ವಿರುದ್ಧ: ಅಡ್ಡಪಟ್ಟಿ ಉದ್ದಕ್ಕೆ ಕುಗ್ಗುವುದಿಲ್ಲ, ಹಲಗೆ ಅಗಲಕ್ಕೆ ಕುಗ್ಗುತ್ತದೆ, ನಡುವೆ ಸಿಕ್ಕಿದ ಮರ ಸೀಳುತ್ತದೆ. ನಮ್ಮ ಮನೆಯ ಹಳೆಯ ಊಟದ ಮಣೆಯ ಅಡಿಯಲ್ಲಿರುವ ಅಡ್ಡಪಟ್ಟಿಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಬಾಯಿ ಕಿರಿದಾಗಿ ಒಳಗೆ ಅಗಲವಾಗುವ ಕಾಲುವೆಯಲ್ಲಿ ಅದನ್ನು ಬದಿಯಿಂದ ಜಾರಿಸಿ ಕೂರಿಸಲಾಗಿದೆ. ಮಣೆ ಹಿಗ್ಗಿದರೂ ಕುಗ್ಗಿದರೂ ಪಟ್ಟಿ ಅದನ್ನು ತಡೆಯುವುದಿಲ್ಲ, ಬಾಗಲು ಮಾತ್ರ ಬಿಡುವುದಿಲ್ಲ.

ಜೋಡಣೆ ಬಾಯಿ ಬಿಟ್ಟಿದೆ

ಮೈಸೂರಿನ ಮಾವನ ಮನೆಯ ಹಲಗೆಯಲ್ಲಿ ಎರಡು ಪಟ್ಟಿಗಳ ನಡುವೆ ಉಗುರು ತೂರುವಷ್ಟು ಸಂದು ಕಂಡಿತು. ಇಲ್ಲಿ ಸಂದಿನ ಒಳಮೈಯನ್ನು ಟಾರ್ಚ್ ಬಿಟ್ಟು ನೋಡುವುದೇ ಅರ್ಧ ರೋಗನಿರ್ಣಯ. ಅಂಟಿನ ಗೆರೆಯ ಮೇಲೆ ಮರದ ನಾರು ಕಿತ್ತು ಬಂದಿದ್ದರೆ ಅಂಟು ತನ್ನ ಕೆಲಸ ಮಾಡಿದೆ, ಮರ ಸೋತಿದೆ. ತೇವದ ಏರಿಳಿತವೇ ಕಾರಣ. ಅಂಟು ಗಾಜಿನಂತೆ ನುಣ್ಣಗೆ ಒಂದೇ ಬದಿಗೆ ಉಳಿದು ಇನ್ನೊಂದು ಬದಿ ಬರಿದಾಗಿದ್ದರೆ, ಆ ಬರಿದಾದ ಅಂಚಿಗೆ ಅಂಟು ಹಿಡಿದೇ ಇಲ್ಲ: ಅಂಚು ಹೆರೆದು ದಿನಗಟ್ಟಲೆ ಬಿಟ್ಟಿರಬಹುದು, ಇಲ್ಲವೇ ಸಾಗುವಾನಿಯಂತೆ ಎಣ್ಣೆಯಂಶವಿರುವ ಮರವಾಗಿರಬಹುದು. ಅಂಥ ಮರದ ಅಂಚನ್ನು ಅಂಟಿಸುವ ಮುನ್ನ ಅಸಿಟೋನಿನಿಂದ ಒರೆಸಬೇಕಾಗುತ್ತದೆ. ಎರಡೂ ಬದಿಯಲ್ಲಿ ಅಂಟು ಮೆತ್ತಗಾಗಿ, ಬಿಳಿಚಿಕೊಂಡು ಕಂಡರೆ ನೀರು ಒಳಹೊಕ್ಕಿದೆ.

ಮೈಸೂರಿನದು ಈ ಕೊನೆಯದು. ಪೀಠೋಪಕರಣಕ್ಕೆ ಬಳಸುವ ಸಾಮಾನ್ಯ ಬಿಳಿ ಅಂಟು ಒಣಗಿದ ಮೇಲೆ ಗಟ್ಟಿಯಾದರೂ ನೀರಿನಲ್ಲಿ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ನೀರು ತಾಗುವ ವಸ್ತುವಿಗೆ ಡಿ3 ಅಥವಾ ಡಿ4 ದರ್ಜೆಯ, ನೀರು ತಡೆಯುವ ಅಂಟನ್ನೇ ಕೇಳಿ ತರಬೇಕು. ನಾನು ಮನೆಯಲ್ಲಿದ್ದ ಡಬ್ಬಿಯನ್ನೇ ಬಳಸಿದ್ದೆ. ಸಂದಿಗೆ ಹೊಸ ಅಂಟು ಸುರಿದು ಕ್ಲ್ಯಾಂಪ್ ಬಿಗಿದರೆ ಹಳೆಯ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲವಾದ್ದರಿಂದ, ಜೋಡಣೆಯ ಗೆರೆಯ ಮೇಲೆಯೇ ಸೀಳಿ, ಹಳೆಯ ಅಂಟು ಪೂರ್ತಿ ಹೋಗುವಂತೆ ಹೆರೆದು, ಅಂದೇ ಮತ್ತೆ ಅಂಟಿಸಬೇಕು.

ಮೇಲ್ಮೈ ಅಂಟಂಟಾಗಿದೆ, ವಾಸನೆ ಬರುತ್ತಿದೆ

ಶಿವಮೊಗ್ಗದ ಭಾವನವರು ಕಳಿಸಿದ ಹಲಗೆ ಕೈಗೆ ಮೆತ್ತುತ್ತಿತ್ತು. ಉಗುರಿನಿಂದ ಕೆರೆದಾಗ ರಬ್ಬರಿನಂಥ ಸಿಪ್ಪೆ ಎದ್ದರೆ ಅದು ದಪ್ಪವಾಗಿ ಬಳಿದು ಒರೆಸದೆ ಬಿಟ್ಟ ಅಗಸೆ ಎಣ್ಣೆ. ಬೆರಳು ಜಾರಿ, ಹಳೆಯ ಕರಿದ ತಿಂಡಿಯ ಡಬ್ಬಿಯಂತೆ ಕಮಟು ವಾಸನೆ ಬಂದರೆ ಅದು ಅಡುಗೆ ಎಣ್ಣೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಹಾಗೆ ಗಟ್ಟಿಯಾಗದೆ ಮರದಲ್ಲೇ ಕಮಟಾಗುತ್ತದೆ. ಕೊಬ್ಬರಿ ಎಣ್ಣೆ ಕಮಟಾಗುವುದು ನಿಧಾನ. ಅದೂ ಒಣಗುವುದಿಲ್ಲ, 24 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಹೆಪ್ಪುಗಟ್ಟಿ ಹಲಗೆಯ ಮೇಲೆ ಬಿಳಿ ಮಬ್ಬಾಗಿ ಕಾಣುತ್ತದೆ.

ಭಾವನವರ ಹಲಗೆಯಲ್ಲಿ ಎರಡೂ ಇದ್ದವು: ನಾನು ಮಳೆಗಾಲದ ತೇವದಲ್ಲಿ ಒಂದರ ಮೇಲೊಂದು ಬಳಿದ ಅಗಸೆ ಎಣ್ಣೆ, ಅದರ ಮೇಲೆ ಹೊಳಪಿಗೆಂದು ಅವರ ಮನೆಯವರು ತಿಕ್ಕಿದ ಕಡಲೆಕಾಯಿ ಎಣ್ಣೆ. ಬಿಸಿನೀರು, ಪಾತ್ರೆ ಸೋಪಿನಿಂದ ಎರಡು ಮೂರು ಸಲ ಉಜ್ಜಿ ತೊಳೆದು, ಒಣಗಿಸಿ, ಮೇಲಿನ ಸಿಪ್ಪೆಯನ್ನು ಚೂಪಾದ ತಗಡಿನಿಂದ ಹೆರೆದು, 120 ಮತ್ತು 220ರ ಉಜ್ಜುಕಾಗದ ಹಾಕಿ, ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್‌ಗೆ ನಾಲ್ಕನೆಯ ಒಂದು ಭಾಗ ಜೇನುಮೇಣ ಕರಗಿಸಿ ಹಚ್ಚಿದೆ. ಈ ಲೇಪ ಗಟ್ಟಿಯಾಗುವುದೂ ಇಲ್ಲ, ಕೆಡುವುದೂ ಇಲ್ಲ. ಎರಡು ತಿಂಗಳಿಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕು ಅಷ್ಟೆ. ಪೇಂಟಿನ ಅಂಗಡಿಯ 'ಕುದಿಸಿದ' ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುವುದುಂಟು, ತಿಂಡಿಯ ಹಲಗೆಗೆ ಅದು ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನ ಶಾಖಕ್ಕೆ ತಾನೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ ಹೊರಗೆ ಹರವಿ ಒಣಗಿಸಬೇಕು.

ಮೊದಲ ಸಲ ತೊಳೆದ ಮೇಲೆ ಹಲಗೆ ತರಿತರಿಯಾಯಿತೆಂದು ಇಬ್ಬರು ಹೇಳಿದರು. ಉಜ್ಜಿದಾಗ ಮಲಗಿದ್ದ ನಾರು ನೀರು ಬಿದ್ದಾಗ ಎದ್ದು ನಿಲ್ಲುತ್ತದೆ. ಎಣ್ಣೆ ಹಚ್ಚುವ ಮುನ್ನವೇ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, 220ರ ಕಾಗದದಲ್ಲಿ ಹಗುರವಾಗಿ ಸವರುವುದನ್ನು ಎರಡು ಸಲ ಮಾಡಿದರೆ ಈ ದೂರು ಬರುವುದಿಲ್ಲ.

ಕಲೆಗಳು

ಕಲೆಗಳೆಲ್ಲ ದೋಷವಲ್ಲ. ಹಲಸಿನ ಚೇಗಿನಲ್ಲಿ, ಅಂದರೆ ಮರದ ಒಳಗಿನ ಗಟ್ಟಿ ಭಾಗದಲ್ಲಿ, ಹಳದಿ ಬಣ್ಣದ ಅಂಶ ಸಹಜವಾಗಿಯೇ ಇದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಈ ಮರದ ಚಕ್ಕೆಯನ್ನು ಬಳಸುತ್ತಿದ್ದರು. ಹೊಸ ಹಲಗೆ ಒರೆಸಿದ ಬಟ್ಟೆ ಹಳದಿಯಾದರೆ ಗಾಬರಿ ಬೇಡ. ಬಿಸಿಲುಬೆಳಕಿಗೆ ಮರ ತಾನೇ ಜೇನಿನ ಬಣ್ಣಕ್ಕೂ ಆಮೇಲೆ ಕಂದುಬಣ್ಣಕ್ಕೂ ತಿರುಗುತ್ತದೆ. ಅರಿಶಿನದ ಕಲೆ ಸೋಪು ತಾಗಿ ಕೆಂಪಾದರೆ ಅದೂ ಮರದ ತಪ್ಪಲ್ಲ, ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವ ಕ್ರಿಯೆಯೇ ಅಲ್ಲಿ ನಡೆದಿರುತ್ತದೆ. ಬಿಸಿಲಿನಲ್ಲಿ ಕೆಲವು ದಿನ ಇಟ್ಟರೆ ಮಾಸುತ್ತದೆ.

ಕಪ್ಪು ಕಲೆ ಮಾತ್ರ ಎರಡು ಬಗೆ. ಒಂದು ಹನಿ ನಿಂಬೆರಸ ಹಾಕಿ ಹತ್ತು ನಿಮಿಷ ಬಿಟ್ಟು ನೋಡಬೇಕು. ತಿಳಿಯಾದರೆ ಅದು ಕಬ್ಬಿಣದ ಕಲೆ: ಈಳಿಗೆಯೋ ಕಬ್ಬಿಣದ ಬಾಣಲೆಯೋ ಒದ್ದೆ ಹಲಗೆಯ ಮೇಲೆ ಕೂತು, ಮರದ ಒಗರು ಮತ್ತು ಕಬ್ಬಿಣ ಸೇರಿ ಆದದ್ದು, ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಮಸಿ ಮಾಡುತ್ತಿದ್ದ ತತ್ತ್ವವೇ ಇದು. ನಿಂಬೆ ಮತ್ತು ಉಪ್ಪಿನಿಂದ ಉಜ್ಜಿ ತೊಳೆದರೆ ಬಹುಪಾಲು ಹೋಗುತ್ತದೆ. ನಿಂಬೆಗೆ ಜಗ್ಗದೆ ಚುಕ್ಕೆಚುಕ್ಕೆಯಾಗಿ, ಮುಗ್ಗಲು ವಾಸನೆಯೊಂದಿಗೆ ಇದ್ದರೆ ಅದು ಬೂಷ್ಟು. ಉಜ್ಜಿ ತೆಗೆದು, ಹಲಗೆಯನ್ನು ಒಣಗಿಸುವ ಕ್ರಮವನ್ನು ಬದಲಿಸಬೇಕು.

ಹಿಟ್ಟು ಉದುರುತ್ತಿದೆ

ಏಳನೆಯ ಹಲಗೆಯ ಅಡಿಯಲ್ಲಿ ಒಂದು ಬೆಳಿಗ್ಗೆ ಟಾಲ್ಕಂ ಪೌಡರಿನಷ್ಟು ನುಣುಪಾದ ಹಿಟ್ಟು ಬಿದ್ದಿತ್ತು. ತಿರುಗಿಸಿ ನೋಡಿದರೆ ಒಂದು ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಅಗಲದ ಮೂರು ತೂತುಗಳು. ತೂತುಗಳೆಲ್ಲ ಚೇಗಿನ ಹೊರಗಿನ ಬಿಳಿ ಪಟ್ಟಿಯಲ್ಲಿದ್ದವು, ಹಳದಿ ಚೇಗಿಗೆ ಒಂದೂ ದಾಟಿರಲಿಲ್ಲ. ಕುಟ್ಟೆ ಹುಳುವಿಗೆ ಬೇಕಾದ ಪಿಷ್ಟ ಇರುವುದು ಆ ಬಿಳಿ ಭಾಗದಲ್ಲಿ. ಎರಡು ಬಣ್ಣದ ಗೆರೆ ಚೆಂದ ಕಾಣುತ್ತದೆಂದು ಅದನ್ನು ನಾನೇ ಉಳಿಸಿಕೊಂಡಿದ್ದೆ.

ತೂತು ಕಂಡಾಗ ಹುಳು ಹೊರಗೆ ಹೋಗಿಯಾಗಿರುತ್ತದೆ. ಒಳಗೆ ಇನ್ನೂ ಮರಿಗಳಿವೆಯೇ ಎಂಬುದೇ ಪ್ರಶ್ನೆ. ಹಲಗೆಯನ್ನು ತಟ್ಟಿ ಹಳೆಯ ಹಿಟ್ಟು ಕೊಡವಿ, ಕಪ್ಪು ಕಾಗದದ ಮೇಲೆ ಇಟ್ಟು ವಾರಗಟ್ಟಲೆ ನೋಡಬೇಕು. ಹೊಸ ಹಿಟ್ಟು ಬಿದ್ದರೆ ಕೆಲಸ ಇನ್ನೂ ನಡೆದಿದೆ. ತಿಂಡಿ ಇಡುವ ಹಲಗೆಗೆ ಕೀಟನಾಶಕ ಸಲ್ಲದು. ಉಳಿಯುವುದು ಶಾಖ ಇಲ್ಲವೇ ಚಳಿ. ಸಾಗಣೆಯ ಮರದ ಪೆಟ್ಟಿಗೆಗಳಿಗೆ ಅಂತರರಾಷ್ಟ್ರೀಯ ನಿಯಮವು ಮರದ ಒಳತಿರುಳು 56 ಡಿಗ್ರಿಗೆ ಏರಿ 30 ನಿಮಿಷ ಇರಬೇಕೆಂದು ಹೇಳುತ್ತದೆ. ಮನೆಯ ಒಲೆಯಲ್ಲಿ ಅದನ್ನು ಮಾಡಹೊರಟರೆ ಹಲಗೆ ಒಣಗಿ ಸೀಳುವ ಭಯವಿರುವುದರಿಂದ ನಾನು ಚಳಿಯನ್ನು ಆರಿಸಿಕೊಂಡೆ: ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಸುತ್ತು ಬಿಚ್ಚದೆ ಬಿಟ್ಟೆ, ಇಲ್ಲದಿದ್ದರೆ ತಣ್ಣನೆಯ ಮರದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಆಮೇಲೆ ಬಿಳಿ ಅಂಚನ್ನು ಪೂರ್ತಿ ಕೊಯ್ದು ತೆಗೆದೆ. ಹಲಗೆ ಈಗ 24ರ ಬದಲು 21 ಸೆಂ.ಮೀ. ಅಗಲವಿದೆ, ಕಪ್ಪು ಕಾಗದದ ಮೇಲೆ ನಿಂತು ನಾಲ್ಕನೆಯ ತಿಂಗಳು ನಡೆಯುತ್ತಿದೆ, ಕಾಗದ ಇನ್ನೂ ಚೊಕ್ಕಟವಾಗಿದೆ. ಅದೇ ಮರದಿಂದ ಕೊಯ್ಯಿಸಿ ಅಟ್ಟದಲ್ಲಿ ಇನ್ನೂ ಉಳಿದಿರುವ ನಾಲ್ಕು ಹಲಗೆಗಳನ್ನು ಮಾರ್ಚ್ ಬರುವವರೆಗೆ ಇಳಿಸುವುದಿಲ್ಲ.